ನೂರಾ ನಲವತ್ತು ಸಣ್ಣ ಚೀಲಗಳು

ಇಂದುಬಾಯಿ ಡಾಕ್ಟರಾಗಲು ಇನ್ನೂ ಮೂರು ತಿಂಗಳು ಬಾಕಿ ಇತ್ತು. ಆದರೆ ಇಂಡಿ ಊರಿನ ಜನರ ಮಟ್ಟಿಗೆ ಅವಳು ಡಾಕ್ಟರಾಗಿ ಎರಡು ವರ್ಷವೇ ಕಳೆದಿತ್ತು. ಅದಕ್ಕೆ ಕಾರಣ ಅವಳ ಅಪ್ಪ ಬಸಂತರಾಯ. ಮೂವತ್ತೈದು ವರ್ಷ ಶಾಲೆ ಮಾಸ್ತರಿಕೆ ಮಾಡಿ ನಿವೃತ್ತನಾದ ಈ ಮನುಷ್ಯನಿಗೆ ಈಗ ಪಾಠ ಹೇಳಲು ಮಕ್ಕಳಿರಲಿಲ್ಲ, ಹಾಗಾಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಮಗಳ ಕಥೆ ಹೇಳುತ್ತಿದ್ದ. ಅವಳು ಧಾರವಾಡದಿಂದ ರಜೆಗೆ ಬಂದ ಮರುದಿನವೇ ಮನೆಯ ಕಟ್ಟೆಯ ಮೇಲೆ ಮೊಣಕಾಲು ನೋವಿನವರು, ಕೆಮ್ಮಿನವರು ಸಾಲಾಗಿ ಕೂತಿರುತ್ತಿದ್ದರು.

"ನಾ ಔಷಧ ಕೊಡೋ ಡಾಕ್ಟರ್ ಅಲ್ರಿ. ಜೋಳಾ ಅರದು, ಅದರಾಗ ಏನೈತಿ ಅಂತ ನೋಡಾಕಿ" ಎಂದು ಅವಳು ಹೇಳಿದರೆ, ಮೊಣಕಾಲು ನೋವಿನ ಮುದುಕ ಕೇಳುತ್ತಿದ್ದ: "ಹಂಗಾದ್ರ ನಮ್ಮ ಗಿರಣ್ಯಾಂವನೂ ಡಾಕ್ಟರ್ ಏನವಾ?"

ಅವಳ ಕೆಲಸ ನಿಜಕ್ಕೂ ಗಿರಣಿಯಿಂದ ಬಹಳ ದೂರವೇನಿರಲಿಲ್ಲ. ಮಳೆಗಾಲದ ಕೊನೆಗೆ ಈ ಸೀಮೆಯ ಕೂಲಿ ಹೆಂಗಸರಲ್ಲಿ ಕೆಲವರಿಗೆ ಕೈ, ಕೊರಳು ಸುಟ್ಟಂತೆ ಕಪ್ಪಾಗಿ ಸುಲಿಯುತ್ತಿದ್ದವು. ಹೊಟ್ಟೆ ಕೆಡುತ್ತಿತ್ತು, ತಲೆ ಮಂಕಾಗುತ್ತಿತ್ತು. ಅದೇ ಓಣಿಯ ಇನ್ನೊಂದು ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟು. ಯಾಕೆ ಹೀಗೆ? ಉಣ್ಣುವ ಜೋಳದಲ್ಲೇ ಏನೋ ವ್ಯತ್ಯಾಸವಿದೆ ಎಂದು ಇಂದುಬಾಯಿಗೆ ಅನುಮಾನ. ಈ ಅನುಮಾನವನ್ನೇ ನಂಬಿಕೊಂಡು ಅವಳು ಧಾರವಾಡದ ಒಂದು ಪ್ರಯೋಗಾಲಯಕ್ಕೆ ಸೇರಿದ್ದಳು. ಫೆಲೋಶಿಪ್ಪು ಮೂರು ವರ್ಷದ್ದು, ೧೯೭೪ರ ಡಿಸೆಂಬರಿಗೆ ಮುಗಿಯುವಂಥದ್ದು.

ಎರಡು ವರ್ಷ ಅವಳು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿ ಹಳ್ಳಿ ತಿರುಗಿದಳು. ಅವ್ವ ಹಳೆಯ ಸೀರೆ ಹರಿದು ಸಣ್ಣ ಸಣ್ಣ ಚೀಲ ಹೊಲಿದುಕೊಟ್ಟಿದ್ದಳು. ರೋಗವಿದ್ದ ಮನೆಯಿಂದ ಎಪ್ಪತ್ತು ಚೀಲ, ರೋಗವಿಲ್ಲದ ಮನೆಯಿಂದ ಎಪ್ಪತ್ತು. ಮನೆಯವರು ಜೋಳವನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಹಸನು ಮಾಡಿಯೇ ಕೊಡುತ್ತಿದ್ದರು. "ಇಲ್ಲಿಯ ಜನರ ಸ್ವಚ್ಛತೆ ಮೆಚ್ಚುವಂಥದ್ದು" ಎಂದು ಈ ಜಾಣೆ ತನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಳು ಕೂಡ!

ಫಲಿತಾಂಶ ಮಾತ್ರ ಸಪ್ಪೆಯಾಗಿತ್ತು. ರೋಗದ ಮನೆಯ ಜೋಳಕ್ಕೂ ರೋಗವಿಲ್ಲದ ಮನೆಯ ಜೋಳಕ್ಕೂ ಕೂದಲೆಳೆಯಷ್ಟೂ ಭೇದವಿರಲಿಲ್ಲ. ಹೂವಿನ ಹಿಪ್ಪರಗಿಯ ಹನ್ನೆರಡು ಚೀಲಗಳ ಅಂಕಿಗಳಂತೂ ಒಂದಕ್ಕೊಂದು ಎಷ್ಟು ತಾಳೆಯಾಗಿದ್ದವೆಂದರೆ, ಅವಳ ಮಾರ್ಗದರ್ಶಕರಾದ ಡಾಕ್ಟರ್ ಅಮೀನುದ್ದೀನ ಅವರು "ಕೈ ಭಾಳ ನಿಖರ ಐತಿ ನಿಮ್ಮದು" ಎಂದು ಹೊಗಳಿದ್ದರು. ಜೋಳಕ್ಕೂ ಈ ರೋಗಕ್ಕೂ ಸಂಬಂಧವಿಲ್ಲ ಎಂದು ಅವರೇ ಒಂದು ಸಂಶೋಧನಾ ಪತ್ರಿಕೆಗೆ ಪ್ರಬಂಧ ಬರೆದು, ಟೈಪು ಮಾಡಿಸಿದ್ದರು. ಇಲ್ಲ ಎಂಬುದೂ ಒಂದು ಉತ್ತರವೇ. ಆ ಉತ್ತರಕ್ಕೆ ಪಿಎಚ್‌ಡಿ ಸಿಗುತ್ತಿತ್ತು, ಅದರ ಬೆನ್ನಿಗೇ ಬಿಜಾಪುರದ ಕಾಲೇಜಿನಲ್ಲಿ ನೌಕರಿ.

ಸೆಪ್ಟೆಂಬರಿನಲ್ಲಿ ಅವಳು ಹಿಪ್ಪರಗಿಗೆ ಹೋದದ್ದು ಕೇವಲ ನಾಲ್ಕು ಹೆಸರು, ವಯಸ್ಸು ಸರಿಮಾಡಿಕೊಳ್ಳಲು. ಬಾಗೇವಾಡಿಯ ಬಸ್ಸು ತಡವಾಯಿತು. ಹೆಂಗಸರೆಲ್ಲ ಹೊಲಕ್ಕೆ ಹೋಗಿದ್ದರು. ಇರಲಿ ಎಂದು ಅವಳೂ ಹೊಲದ ದಾರಿ ಹಿಡಿದಳು.

ಶೇಂಗಾ ಹೊಲದಲ್ಲಿ ಕಸ ತೆಗೆಯುತ್ತಿದ್ದ ಹೆಂಗಸರು ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದರು. ಇವಳನ್ನು ಕಂಡದ್ದೇ ಹೊನ್ನವ್ವ ಎಂಬಾಕೆ ಗಡಬಡಿಸಿ ರೊಟ್ಟಿಯನ್ನು ಅರಿವೆಯ ಕೆಳಗೆ ಮುಚ್ಚಿದಳು. ನಲವತ್ತರ ಹೆಂಗಸು. ಮೊಣಕೈವರೆಗೂ ಚರ್ಮ ಕಪ್ಪಾಗಿ ಒಡೆದಿತ್ತು. ಇವಳ ಮನೆಯ ಜೋಳವೂ ಆ ಹನ್ನೆರಡರಲ್ಲಿ ಒಂದು.

"ನನಗೂ ಹಸಿವಾಗೈತಿ, ಹೊನ್ನವ್ವಾ. ಒಂದು ಚೂರು ಕೊಡ್ರಿ" ಎಂದು ಇಂದುಬಾಯಿ ಪಕ್ಕದಲ್ಲೇ ಕೂತಳು.

"ಇದು ನಿಮಗಲ್ರಿ ಬಾಯಾರ. ತಡೀರಿ, ಸೀತವ್ವನ ಹಂತ್ಯಾಕ ಚಲೋ ರೊಟ್ಟಿ ಐತೇನು ಕೇಳ್ತೇನಿ."

"ನೀವು ಉಣ್ಣೂದನ್ನ ಕೊಡ್ರಿ."

ಹೊನ್ನವ್ವ ಒಲ್ಲದ ಮನಸ್ಸಿನಿಂದ ಅರಿವೆ ಸರಿಸಿದಳು. ರೊಟ್ಟಿ ಬೂದಿ ಬಣ್ಣದ್ದಾಗಿತ್ತು. ಇಂದುಬಾಯಿ ಒಂದು ತುತ್ತು ಬಾಯಿಗಿಟ್ಟಳು. ಕಮಟು ವಾಸನೆ, ಕಹಿ. ನುಂಗಲು ನೀರು ಬೇಕಾಯಿತು.

"ಹಗೇವಿನ ಅಂಚಿನ ಜೋಳರಿ ಇದು. ಕೂಲಿಗೆ ಇದನ್ನ ಅಳೀತಾರ" ಎಂದಳು ಹೊನ್ನವ್ವ, ತಪ್ಪು ತನ್ನದೇ ಎಂಬಂತೆ. ಹಗೇವೆಂದರೆ ನೆಲದೊಳಗೆ ತೋಡಿದ ಕಣಜ. ನಡುವಿನ ಜೋಳ ಮುತ್ತಿನಂತೆ ಉಳಿಯುತ್ತದೆ, ಗೋಡೆಗೆ ತಾಗಿದ್ದು ನೀರು ಹಿಡಿದು ಕಪ್ಪಾಗುತ್ತದೆ. ಇದು ಈ ಸೀಮೆಯಲ್ಲಿ ಕೂಸಿಗೂ ಗೊತ್ತು. ಇಂದುಬಾಯಿಗೂ ಗೊತ್ತಿತ್ತು.

"ಮತ್ತ ಅವತ್ತ ನನ್ನ ಚೀಲಕ್ಕ ಹಾಕಿದ್ದು?"

ಹೊನ್ನವ್ವ ನಕ್ಕುಬಿಟ್ಟಳು. "ಅಲ್ರಿ ಬಾಯಾರ, ಇಷ್ಟು ಕಲ್ತಾಕಿ ಧಾರವಾಡದಿಂದ ಬಂದು ನಮ್ಮ ಬಾಗಲ್ದಾಗ ನಿಂತು ಜೋಳಾ ಕೇಳಿದ್ರಿ. ಇಂಥಾದ್ದು ಹಾಕಿ ಕಳಸಿದ್ರ ನಮ್ಮ ಮಾನ ಉಳೀತೈತೇನು? ಗೌಡರ ಮನಿಗೆ ಹೋಗಿ ಬಿಳಿಜೋಳ ಇಸ್ಕೊಂಡು, ಹಸನ ಮಾಡಿ ಕೊಟ್ಟೇನ್ರಿ."

"ನೀವೊಬ್ರ?"

"ಓಣ್ಯಾಗ ಎಲ್ಲಾರೂ ಹಂಗ ಮಾಡೀವಲ್ರಿ."

ಇಂದುಬಾಯಿ ನೋಟುಬುಕ್ಕು ತೆಗೆದು ಹಿಪ್ಪರಗಿಯ ಹಾಳೆ ನೋಡಿದಳು. ಹನ್ನೆರಡು ಚೀಲ ತಾಳೆಯಾಗಿದ್ದು ಅವಳ ಕೈ ನಿಖರವಾಗಿದ್ದಕ್ಕಲ್ಲ. ಹನ್ನೆರಡೂ ಒಂದೇ ಮನೆಯ ಜೋಳವಾಗಿದ್ದಕ್ಕೆ. ಎರಡು ವರ್ಷ ಅವಳು ಅರೆದು, ಸೋಸಿ, ಅಳೆದದ್ದು ಬಡವರ ಊಟವನ್ನಲ್ಲ, ಬಡವರ ಮರ್ಯಾದೆಯನ್ನು. ಪರದೇಶದ ಯಾವನೋ ವಿಜ್ಞಾನಿ ಬಂದು ಈ ತಪ್ಪು ಮಾಡಿದ್ದರೆ ಕ್ಷಮಿಸಬಹುದಿತ್ತು. ಇಂಡಿಯಲ್ಲಿ ಹುಟ್ಟಿದವಳು, ಬೀಗರು ಬಂದರೆ ಅವ್ವ ಯಾವ ಗಡಿಗೆಯ ಜೋಳ ತೆಗೆಯುತ್ತಾಳೆಂದು ನೋಡಿಯೇ ಬೆಳೆದವಳು ಮಾಡಿದ್ದಳು. ಅವಳಿಗೆ ತನ್ನ ಮೇಲೆಯೇ ವಿಪರೀತ ಸಿಟ್ಟು ಬಂತು.

ಮನೆಗೆ ಬಂದು ಅಪ್ಪನ ಮುಂದೆ ಎಲ್ಲ ಹೇಳಿದಳು. ಬಸಂತರಾಯ ಬಹಳ ಹೊತ್ತು ಕನ್ನಡಕ ಒರೆಸಿದ.

"ಈಗ ನೀ ಸುಮ್ಮನಿದ್ರ ಯಾರಿಗಾರ ಗೊತ್ತಾಗ್ತೈತೇನು?" ಎಂದು ಕೊನೆಗೆ ಕೇಳಿದ. ಊರಿಗೆಲ್ಲ ಹೇಳಿಕೊಂಡು ತಿರುಗಿದ ಮನುಷ್ಯ. ಅವನ ಸಂಕಟ ಅವನಿಗೆ.

"ಯಾರಿಗೂ ಗೊತ್ತಾಗಂಗಿಲ್ಲ."

"ಮತ್ತ?"

"ಜೋಳದಾಗ ಏನೂ ದೋಷ ಇಲ್ಲ ಅಂತ ಅಚ್ಚಾಗ್ತೈತಿ, ಅಪ್ಪಾ. ಆಮ್ಯಾಲೆ ಆ ರೊಟ್ಟಿ ಕಡೆ ಮತ್ಯಾರೂ ಹೊರಳಿ ನೋಡಂಗಿಲ್ಲ. ಹೊನ್ನವ್ವ ಅದನ್ನ ಉಣಕೋತ ಇರ್ತಾಳ."

ಅಂದು ಸಂಜೆ ಬಸಂತರಾಯ ಬಸ್ ಸ್ಟ್ಯಾಂಡಿನ ಕಡೆಗೆ ಹೋಗಲಿಲ್ಲ.

ಧಾರವಾಡದಲ್ಲಿ ಡಾಕ್ಟರ್ ಅಮೀನುದ್ದೀನರು ಪ್ರಬಂಧವನ್ನು ಲಕೋಟೆಗೆ ಹಾಕಲು ಸಿದ್ಧವಾಗಿ ಕೂತಿದ್ದರು. ಮಿತಭಾಷಿ, ಶಿಸ್ತಿನ ಮನುಷ್ಯ. ಸಿಂದಗಿಯ ಹತ್ತಿಯ ಅಂಗಡಿಯ ಗುಮಾಸ್ತನ ಮಗ. ಮುಂಬಯಿಯಲ್ಲಿ ಓದಿ, ಪರದೇಶದಲ್ಲಿ ನಾಲ್ಕು ವರ್ಷ ಸಂಶೋಧನೆ ಮಾಡಿ ಬಂದವರು. ಅವರೆದುರು ನಿಂತು ಇಂದುಬಾಯಿ ಒಂದೇ ಉಸಿರಿಗೆ ಹೇಳಿದಳು.

"ಎಷ್ಟು ಮಾದರಿ ಕೆಟ್ಟಾವು?" ಎಂದು ಅವರು ಕೇಳಿದರು.

"ಗೊತ್ತಿಲ್ಲ ಸರ್. ಯಾರು ತಮ್ಮದು ಕೊಟ್ಟಾರ, ಯಾರು ಇಸ್ಕೊಂಡು ಬಂದು ಕೊಟ್ಟಾರ ಗೊತ್ತಿಲ್ಲ. ಅದಕ್ಕ ನೂರಾ ನಲವತ್ತೂ ಕೆಟ್ಟಂಗ."

ಅಮೀನುದ್ದೀನರು ಕಿಟಕಿಯ ಕಡೆ ತಿರುಗಿದರು. ಈಗ ಬೈಯುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ ಎಂದು ಅವಳು ಕಾದು ನಿಂತಳು.

"ಪರದೇಶದಾಗ ನಾ ಇಲಿಗಳ ಮ್ಯಾಲೆ ಕೆಲಸ ಮಾಡ್ತಿದ್ದೆ" ಎಂದು ಅವರು ಮೆಲ್ಲಗೆ ಶುರುಮಾಡಿದರು. "ಪ್ರತಿಯೊಂದು ಇಲಿ ದಿನಾ ಏನು ತಿಂತು, ಎಷ್ಟು ತಿಂತು ಅಂತ ನಾಲ್ಕು ವರ್ಷ ತಪ್ಪದ ಬರದಿಟ್ಟೇನಿ. ಆದ್ರ ನಮ್ಮ ಅಮ್ಮಾ, ನಮಗೆಲ್ಲಾ ಬಿಳಿ ರೊಟ್ಟಿ ಬಡದು ಹಾಕಿ, ಕಡೀಕ ಒಲಿ ಕಡೆ ಮಾರಿ ಮಾಡಿ ಕುಂತು ಉಣ್ತಿದ್ಲು. ಏನು ಉಣ್ತಿದ್ಲು ಅಂತ ಒಂದಿನಾನೂ ನೋಡ್ಲಿಲ್ಲ. ಆಕಿ ಕೈ ಕಪ್ಪಗಿದ್ದುವು. ಒಲಿ ಹೊಗಿಗೆ ಆಗ್ಯಾವಂತ ತಿಳ್ಕೊಂಡಿದ್ದೆ."

ಅವರ ಕಣ್ಣು ತುಂಬಿದ್ದನ್ನು ಇಂದುಬಾಯಿ ಕಂಡಳು, ತಲೆ ತಗ್ಗಿಸಿದಳು. ಅವರು ಪ್ರಬಂಧದ ಮೊದಲ ಹಾಳೆಯ ಮೇಲೆ ಅಡ್ಡಗೆರೆ ಎಳೆದರು.

"ಒಂದು ವರ್ಷ ಹೆಚ್ಚಿಗಿ ಕೊಡ್ರಿ ಅಂತ ಬರೀತೇನಿ. ಕೊಡ್ತಾರೋ ಇಲ್ಲೋ ಹೇಳಾಕಾಗಂಗಿಲ್ಲ. ಬಿಜಾಪುರದ ನೌಕರಿ ಮಾತ್ರ ಕೈ ತಪ್ಪತೈತಿ."

"ತಪ್ಪಲಿ ಸರ್."

"ಮತ್ತ ಚೀಲಾ ಹಿಡಕೊಂಡು ಹೋದ್ರ ಮತ್ತ ಬಿಳಿಜೋಳಾನ ಕೊಡ್ತಾರ. ಏನು ಮಾಡ್ತೀರಿ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸಿದ್ದಳು. "ಬಾಗಲಕ್ಕ ಹೋಗಂಗಿಲ್ಲ ಸರ್. ಊಟದ ಹೊತ್ತಿಗೆ ಹೊಲಕ್ಕ ಹೋಗ್ತೇನಿ. ನನ್ನ ಬುತ್ತಿ ನಾ ಕಟ್ಕೊಂಡು ಹೋಗಿ, ಅವರ ಅರ್ಧ ರೊಟ್ಟಿಗೆ ನನ್ನ ಅರ್ಧ ರೊಟ್ಟಿ ಕೊಡ್ತೇನಿ. ಹೊಲದಾಗ ಬುತ್ತಿ ಹಂಚ್ಕೊಂಡು ಉಣ್ಣಾಕ ಯಾರೂ ಬ್ಯಾಡ ಅನ್ನಂಗಿಲ್ಲ. ಆದ್ರ ಯಾತಕ್ಕಂತ ಮೊದಲ ಹೇಳೇ ಇಸ್ಕೊತೇನಿ."

ಮೇಲಿನವರು ಎರಡು ತಿಂಗಳು ಸತಾಯಿಸಿ, ಕಡೆಗೆ ಒಂದು ವರ್ಷ ಕೊಟ್ಟರು. ಬಿಜಾಪುರದ ನೌಕರಿ ಬೇರೊಬ್ಬರ ಪಾಲಾಯಿತು. ಬಸಂತರಾಯ ಎಂಟು ದಿನ ಮುಖ ಊದಿಸಿಕೊಂಡಿದ್ದು, ಒಂಬತ್ತನೆಯ ದಿನ ಬಸ್ ಸ್ಟ್ಯಾಂಡಿಗೆ ಹೋದ. "ತನ್ನ ತಪ್ಪು ತಾನ ಹಿಡದಾಳ ನಮ್ಮ ಇಂದೂ. ಅಂಥಾಕಿನ ತೋರಸ್ರಿ ಇನ್ನೊಬ್ಬಾಕಿನ್ನ" ಎಂದು ಕಂಡಕ್ಟರನನ್ನು ನಿಲ್ಲಿಸಿಕೊಂಡು ಹೇಳಿದನಂತೆ. ಬಸ್ಸು ಹತ್ತು ನಿಮಿಷ ತಡವಾಯಿತು.

ಜನವರಿಯಲ್ಲಿ ತೊಗರಿ ಕೊಯ್ಯುವ ಹೊತ್ತಿಗೆ ಇಂದುಬಾಯಿ ಹಿಪ್ಪರಗಿಯ ಹೊಲದಲ್ಲಿ ಬುತ್ತಿ ಬಿಚ್ಚಿದಳು. ಯಾಕೆ ಬಂದಿದ್ದೇನೆಂದು ಒಂದನ್ನೂ ಮುಚ್ಚಿಡದೆ ಹೇಳಿದಳು. ತಾವು ಹಿಂದೆ ಕೊಟ್ಟ ಬಿಳಿಜೋಳದಿಂದ ಬಾಯಾರ ಎರಡು ವರ್ಷದ ಕೆಲಸ ನೀರುಪಾಲಾಯಿತೆಂದು ಕೇಳಿ ಹೆಂಗಸರು ಮುಖ ಮುಖ ನೋಡಿಕೊಂಡರು. ಇಂದುಬಾಯಿ ತನ್ನ ರೊಟ್ಟಿ ಮುರಿದು ಮುಂದೆ ಚಾಚಿದಳು. ಸೀತವ್ವ ನಾಚುತ್ತ, ತನ್ನ ರೊಟ್ಟಿಯಲ್ಲಿ ಇದ್ದುದರಲ್ಲೇ ಬೆಳ್ಳಗಿನ ಚೂರು ಹುಡುಕಿ ಮುರಿಯತೊಡಗಿದಳು.

"ಏ ಸೀತಿ, ಮತ್ತ ಅದನ್ನ ಮಾಡಾಕತ್ತೀಯಲ್ಲ!" ಎಂದು ಹೊನ್ನವ್ವ ಗದರಿಸಿದಳು. ತನ್ನ ರೊಟ್ಟಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಎಲ್ಲಕ್ಕಿಂತ ಕಪ್ಪಾದ ಕಡೆ ಮುರಿದಳು. ಒಂದು ಚೂರು ನಾಲಗೆಗೆ ಹಚ್ಚಿ ಖಾತ್ರಿ ಮಾಡಿಕೊಂಡಳು. ಆಮೇಲೆ ಒಡೆದ ಕೈಯಿಂದ ಅದನ್ನು ಇಂದುಬಾಯಿಯ ಕೈಯಲ್ಲಿಟ್ಟಳು.

"ಇದು ಭಾಳ ಕಹಿ ಐತಿ ತಂಗಿ. ಇದನ್ನ ಒಯ್ಯಿ."

ಇಂದುಬಾಯಿ ಅದನ್ನು ಚೀಲಕ್ಕೆ ಹಾಕಿ, ಮೇಲೆ 'ಒಂದು' ಎಂದು ಬರೆದಳು.