ಎಂಟನೆಯ ಬಳೆ

ಧರ್ಮಪ್ಪ ಚಟ್ಟಕ್ಕೆ ಕೊನೆಯ ಗಂಟು ಬಿಗಿಯುತ್ತಿದ್ದಾಗ ವಿಶಾಲಮ್ಮ ಒಳಗಿನಿಂದ ಹೇಳಿಕಳಿಸಿದರು: ವಾದ್ಯ ತರಿಸಬೇಕು, ಮೇಷ್ಟ್ರು ಕಟ್ಟಿದ 'ಜೋಗ' ನುಡಿಸಬೇಕು.

ತೀರಿಕೊಂಡವರು ಅವರ ಗಂಡ, ಸಾಗರ ಸೀಮೆಯ ಮದುವೆಗಳಿಗೆ ಇಪ್ಪತ್ತು ವರ್ಷ ಬ್ಯಾಂಡ್ ಕಟ್ಟಿಕೊಂಡು ಹೋದ ಕೆರಿಯಪ್ಪ ಮೇಷ್ಟ್ರು. ಧರ್ಮಪ್ಪ ಆ ಬ್ಯಾಂಡಿನ ಟ್ರಂಪೆಟ್ಟಿನವನು. ಹನ್ನೊಂದು ಜನವೂ ಅಂಗಳದಲ್ಲಿದ್ದರು, ಬರಿಗೈಯಲ್ಲಿ. ಹೆಣದ ಮುಂದೆ ಊದಿದ ಬ್ಯಾಂಡನ್ನು ಆಮೇಲೆ ಯಾರೂ ಮದುವೆಗೆ ಕರೆಯುವುದಿಲ್ಲ. ಲಗ್ನದ ಕಾಲಕ್ಕೆ ಹದಿನೈದೇ ದಿನ ಉಳಿದಿತ್ತು.

ಧರ್ಮಪ್ಪ ಒಳಗೆ ಹೋಗಿ ಇದನ್ನೇ ವಿನಯದಿಂದ ಹೇಳಿದ. ವಿಶಾಲಮ್ಮ ವಾದಕ್ಕಿಳಿಯಲಿಲ್ಲ.

"ಜನರ ಮುಂದೆ ಒಂದ್ಸಲನಾದ್ರೂ ಅದು ಪೂರ್ತಿ ಆಗಿದ್ಯಾ ಧರ್ಮಪ್ಪ?"



*

ಲಿಂಗನಮಕ್ಕಿ ಅಣೆಕಟ್ಟು ಏಳುತ್ತಿದ್ದ ಕಾಲ. ಅಲ್ಲಿನ ಎಂಜಿನಿಯರೊಬ್ಬರ ಮನೆಯ ಗ್ರಾಮಫೋನಿನಲ್ಲಿ ಮೇಷ್ಟ್ರು ಜಾಝ್ ಕೇಳಿದರು. ಹದಿನಾರು ಜನ ಒಟ್ಟಿಗೆ ಊದುವುದು, ನಡುವೆ ಒಬ್ಬನೇ ಎದ್ದು ತನ್ನ ಮಾತು ಹೇಳಿ ಕೂರುವುದು. ತಲೆ ಕೆಟ್ಟುಹೋಯಿತು. ಮಾರನೆಯ ದಿನವೇ ಹೆಂಡತಿಯನ್ನು ಜೋಗಕ್ಕೆ ಕರೆದೊಯ್ದು, ರಾಜ ಧಾರೆಗೆ ಟ್ರಂಪೆಟ್, ರಾಣಿ ಧಾರೆಗೆ ಕ್ಲಾರಿನೆಟ್ ಎಂದು ಅಲ್ಲೇ ಹಂಚಿದರು. ಬಂಡೆಯ ಅಂಚು ಬಿಟ್ಟ ನೀರು ತಳ ಮುಟ್ಟುವವರೆಗೆ ಎಣಿಸು ಎಂದರು. ವಿಶಾಲಮ್ಮ ಕೈಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸುತ್ತ ಎಣಿಸಿದರು. ಎಂಟು.

ಅಷ್ಟು ಹೊತ್ತು ಇಡೀ ಬ್ಯಾಂಡು ಸುಮ್ಮನಿರಬೇಕು, ಆಮೇಲೆ ಎಲ್ಲ ವಾದ್ಯಗಳೂ ಒಟ್ಟಿಗೆ ಬೀಳಬೇಕು ಎಂದು ಮೇಷ್ಟ್ರು ಬರೆದರು. ಎಡವಟ್ಟಾಗಿದ್ದು ಅಲ್ಲೇ. ಯಾವ ಮದುವೆಯಲ್ಲೂ ಆ ಮೌನ ಮೂರು ಎಣಿಕೆ ದಾಟಲಿಲ್ಲ. ಮುಗಿಯಿತೆಂದು ಜನ ಚಪ್ಪಾಳೆ ತಟ್ಟುವರು, ಯಾರಾದರೂ ಸಿನಿಮಾ ಹಾಡು ಕೇಳುವರು. ರಿಪ್ಪನ್‌ಪೇಟೆಯ ಮದುವೆಯಲ್ಲಂತೂ ಹುಡುಗನ ಮಾವ, ದಮ್ಮು ಮುಗಿದುಹೋಯಿತೇ ಎಂದು ಕೇಳಿ ಚಪ್ಪರವನ್ನೆಲ್ಲ ನಗಿಸಿದ. ಮೇಷ್ಟ್ರೂ ನಕ್ಕರು. ಊರು ಮುಟ್ಟುವವರೆಗೆ ಬಸ್ಸಿನಲ್ಲಿ ಬೆರಳು ಮಡಚಿ ಎಂಟರವರೆಗೆ ಎಣಿಸುತ್ತಿದ್ದರು.

ಎಣಿಕೆ ಕಡಿಮೆ ಮಾಡೋಣ ಎಂದು ಧರ್ಮಪ್ಪ ಒಮ್ಮೆ ಹೇಳಿ ನೋಡಿದ್ದ.

"ಜೋಗದ ಗುಂಡಿ ನಾನು ತುಂಬ್ಸಕ್ಕಾಗುತ್ತೇನೋ?" ಎಂದಿದ್ದರು ಮೇಷ್ಟ್ರು.

*

ಧರ್ಮಪ್ಪ ಅಂಗಳಕ್ಕೆ ಬಂದ. "ಲಗ್ನ ಹೋದ್ರೆ ಹೋಗ್ಲಿ. ವಾದ್ಯ ತನ್ನಿ" ಎಂದ. ಒಬ್ಬಿಬ್ಬರು ಗೊಣಗಿದರು. ಡೋಲಿನ ಪುಟ್ಟಪ್ಪ ಮೊದಲು ಎದ್ದ, ಉಳಿದವರು ಹಿಂದೆ ಹೋದರು.

ಹೆಣವನ್ನು ಚಟ್ಟದ ಮೇಲೆ ಮಲಗಿಸಿದರು. ಬ್ಯಾಂಡು ಶುರುವಾಯಿತು. ಹಾಡಿನ ನೀರು ಬಂಡೆಯ ಅಂಚಿಗೆ ಬಂದಲ್ಲಿ ವಾದ್ಯಗಳೆಲ್ಲ ನಿಂತವು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಏನನ್ನೂ ಕೇಳಲಿಲ್ಲ. ಸಾವಿನ ಮನೆಯಲ್ಲಿ ಮೌನ ಯಾರಿಗೂ ಹೊಸದೆನಿಸಲಿಲ್ಲ.

ಧರ್ಮಪ್ಪನಿಗೆ ಆಗ ದಿಗಿಲಾಯಿತು. ಕೈ ಎತ್ತಿ ಸನ್ನೆ ಮಾಡಬೇಕಾದವರು ಮಲಗಿದ್ದರು. ಉಳಿದ ಹತ್ತು ಜನವೂ ಅವನ ಮುಖ ನೋಡಿದರು. ಅವನು ವಿಶಾಲಮ್ಮನ ಕಡೆ ತಿರುಗಿದ. ಗಂಡನ ತಲೆಯ ಬಳಿ ಕೂತಿದ್ದ ಅವರು ಬಳೆಗಳನ್ನು ಮೊಣಕೈಯತ್ತ ಸರಿಸುತ್ತಿದ್ದರು. ಐದು. ಆರು. ಏಳು. ಧರ್ಮಪ್ಪ ಉಸಿರು ತುಂಬಿಕೊಂಡ.

ಎಂಟನೆಯದು ಸರಿಯಿತು. ಅಂಗಳ ನಡುಗುವಂತೆ ಜೋಗ ಬಿತ್ತು. ವಿಶಾಲಮ್ಮ ಕೈ ಇಳಿಸಿ, ಬಳೆಗಳನ್ನೆಲ್ಲ ಒಟ್ಟಿಗೆ ಮಣಿಕಟ್ಟಿಗೆ ಬಿಟ್ಟರು.