ಖಲ್ಫಾನನ ಕೋವಿಯ ನೀಲಿ

ಎರಡೂ ತುದಿಗೆ ತೂತಿರುವ ಯಾವ ವಸ್ತು ಕೈಗೆ ಸಿಕ್ಕರೂ ಖಲ್ಫಾನ್ ಬಿನ್ ಸರ್ಹಾನ್ ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಳಗೆ ಇಣುಕದೆ ಕೆಳಗಿಡುತ್ತಿರಲಿಲ್ಲ. ನನ್ನ ಅಂಗಡಿಯ ನೂಲಿನ ಉರುಳೆ, ಒಡೆದ ನೀರಿನ ಪೈಪು, ಹುಕ್ಕಾದ ಕೊಳವೆ, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಮದುವೆಯೂಟದಲ್ಲಿ ಮಜ್ಜೆ ಹೀರಿ ಮುಗಿಸಿದ ಆಡಿನ ಮೂಳೆಯನ್ನು ಸೂರ್ಯನತ್ತ ಎತ್ತಿ, "ಚೊಕ್ಕ ಇದೆ" ಎಂದು ಗಂಭೀರವಾಗಿ ತೀರ್ಪು ಕೊಟ್ಟದ್ದನ್ನು ನಾನೇ ಕಂಡಿದ್ದೇನೆ. ಕಿವಿನೋವೆಂದು ಯಾರಾದರೂ ಅವನ ಮುಂದೆ ತಲೆ ಓರೆ ಮಾಡಿದರೆ ಈ ಕಿವಿಯಿಂದ ಆ ಕಿವಿಯವರೆಗೆ ನೋಡಿ, "ನಡುವೆ ಏನೂ ಅಡ್ಡ ಇಲ್ಲ, ಹೋಗು" ಎನ್ನುತ್ತಾನೆಂದು ವಾದಿ ಸಿದ್ರ್ ಕಣಿವೆಯ ಜನ ನಗುತ್ತಿದ್ದರು.

ಆಳು ನೀಳ, ಒಣಗಿದ ಖರ್ಜೂರದ ಗರಿಗೆ ಯಾರೋ ಗಡ್ಡ ಅಂಟಿಸಿದ ಹಾಗೆ. ಪೊಲೀಸ್ ಪಡೆಯಿಂದ ನಿವೃತ್ತನಾಗುವಾಗ ಜೊತೆಗೆ ತಂದ ಉಣ್ಣೆಯ ಕೋಟನ್ನು ಬಿಳಿಯ ನಿಲುವಂಗಿಯ ಮೇಲೆ ಸದಾ ತೊಟ್ಟಿರುತ್ತಿದ್ದ. ಬಂಡೆಗಳು ಬೆವರುವ, ಹಲ್ಲಿಗಳು ಒಂದರ ನೆರಳಲ್ಲಿ ಇನ್ನೊಂದು ಸರದಿ ಹಿಡಿದು ನಿಲ್ಲುವ ಜೂನ್ ತಿಂಗಳಲ್ಲೂ ಅದು ಅವನ ಮೈಮೇಲಿಂದ ಇಳಿಯುತ್ತಿರಲಿಲ್ಲ. ಕೇಳಿದರೆ, "ಒಳಗಿನ ಸೆಕೆ ಹೊರಗಿನ ಸೆಕೆಗಿಂತ ಶುದ್ಧ" ಎನ್ನುತ್ತಿದ್ದ. ತುಂಬಿದ ಕೊಡ ತಲೆಯ ಮೇಲಿದೆಯೋ ಎಂಬಂತೆ ಕತ್ತು ಅಲುಗಿಸದೆ ನಡೆಯುತ್ತಿದ್ದ. ಊರಿನ ಕತ್ತೆಗಳು ಕೂಡ ಅವನಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದವು. ಅದು ಗೌರವವೋ ವಾಸನೆಯ ಭಯವೋ ಎಂಬುದನ್ನು ಮುಂದೆ ಹೇಳುತ್ತೇನೆ.

ಅರಬ್ಬರ ಆ ಕಣಿವೆಯಲ್ಲಿ ನಾನು, ಕಡಲು ದಾಟಿ ಬಂದ ದರ್ಜಿ, ಗಂಡಸರ ನಿಲುವಂಗಿ ಹೊಲಿಯುತ್ತ ತಲೆ ನರೆಸಿಕೊಂಡವನು. ನನ್ನ ಕತ್ತರಿಯಿಂದ ಉದುರಿದ ಬಿಳಿಯ ಚೂರುಗಳೆಲ್ಲ ಖಲ್ಫಾನನ ಪಾಲು. ಅವನು ಅವನ್ನು ಹೆಬ್ಬೆರಳಿನಗಲಕ್ಕೆ ಚೌಕಾಕಾರವಾಗಿ ಕತ್ತರಿಸಿ ಕೋವಿಯ ನಳಿಗೆಯೊಳಗೆ ತೂರುತ್ತಿದ್ದ. ವಾದಿ ಸಿದ್ರಿನ ಪ್ರತಿಯೊಬ್ಬ ಗಂಡಸಿನ ಅಂಗಿಯ ಅಂಚೂ ಒಮ್ಮೆ ಅವನ ಕೋವಿಯ ಮೂಲಕ ಹಾದುಹೋಗಿದೆ ಎಂದರೆ ಅದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ.

ಆ ಕೋವಿಯನ್ನು ಬೆಟ್ಟದ ಜನ ಸಕ್ತೂನ್ ಎನ್ನುತ್ತಾರೆ: ತೆಳ್ಳಗಿನ ನಳಿಗೆ, ಪುಟ್ಟ ಗುಂಡು, ಸುಳ್ಳು ಹೇಳದ ಗುರಿ. ಹಬ್ಬಕ್ಕೆ, ಮದುವೆಗೆ ಕಣಿವೆಯ ಆಚೆ ಬದಿಯ ಬಂಡೆಯ ಮೇಲೆ ಒಂದು ಬಿಳಿಯ ಗುರುತು ನಿಲ್ಲಿಸಿ ಊರೂರಿನ ತಂಡಗಳು ಹೊಡೆಯುತ್ತವೆ. ಬಿದ್ದರೆ ಹೊಡೆದವನ ಹೆಸರು ಕಟ್ಟಿ ಹಾಡುತ್ತಾರೆ. ಹಲವು ವರ್ಷ ಆ ಹಾಡಿನಲ್ಲಿ ಖಲ್ಫಾನನ ಹೆಸರೇ ಇತ್ತು. ಅವನು ಗುರಿಯಿಟ್ಟನೆಂದು ತಿಳಿದೊಡನೆ ಆ ಬಿಳಿಯ ಗುರುತು ತಾನಾಗಿಯೇ ಕೆಳಗೆ ಬೀಳುತ್ತಿತ್ತೆಂದೂ, ಮದ್ದಿನ ಖರ್ಚು ಉಳಿಯುತ್ತಿತ್ತೆಂದೂ ಹೇಳುವವರಿದ್ದರು.

ಒಂದು ಮದುವೆಯ ಹೊತ್ತಿಗೆ ಅವನಿಗೆ ಜ್ವರ ಬಂತು. ಯಾರ ಕೈಗೂ ಕೊಡದ ಸಕ್ತೂನನ್ನು ತಂಗಿ ಶಮ್ಸಾಳ ಗಂಡ ಹುಮೈದನಿಗೆ ಕೊಟ್ಟ, ತನ್ನದೇ ಡಬ್ಬಿಯ ಗುಂಡುಗಳ ಸಮೇತ. ಹುಮೈದ್ ಜೇನು ಸಾಕುವವನು. ಮೆತ್ತಗಿನ ಮಾತು, ಉಬ್ಬಿದ ಕೆನ್ನೆ, ಯಾವಾಗ ನೋಡಿದರೂ ಒಂದು ಜೇನುನೊಣ ಈಗಷ್ಟೆ ಕಚ್ಚಿ ಹೋದ ಮುಖ. ಅವನು ಹೋದ, ಹೊಡೆದ, ಗುರುತು ಬಿತ್ತು. ಹಾಡಿನಲ್ಲಿ ಹುಮೈದನ ಹೆಸರು ಬಂತು. ಆ ಹಾಡು ಜ್ವರದ ಹಾಸಿಗೆಯವರೆಗೂ ಕೇಳಿಸಿತು.

ಜ್ವರ ಬಿಟ್ಟ ಮೇಲೆ ಖಲ್ಫಾನನ ಮೊದಲ ಗುಂಡು ಗುರುತಿನ ಪಕ್ಕದ ಕಲ್ಲಿಗೆ ತಾಗಿತು. ಎರಡನೆಯದು ಇನ್ನೂ ಪಕ್ಕಕ್ಕೆ. ಮನುಷ್ಯ ಆಗ ತನ್ನ ಕಣ್ಣನ್ನು ಅನುಮಾನಿಸಬಹುದಿತ್ತು, ಜ್ವರ ಬಿಟ್ಟ ಕೈಯನ್ನು ಅನುಮಾನಿಸಬಹುದಿತ್ತು. ಅವನು ನಳಿಗೆಯನ್ನು ಅನುಮಾನಿಸಿದ.

ಅಲ್ಲಿಯವರೆಗೆ ಅವನು ಕೋವಿ ತೊಳೆಯುತ್ತಿದ್ದದ್ದು ಬಿಸಿನೀರು, ಎಣ್ಣೆ, ಖರ್ಜೂರದ ಗರಿಯ ಕಡ್ಡಿಗೆ ಸುತ್ತಿದ ಬಟ್ಟೆ ಇಷ್ಟರಲ್ಲೇ. ಮಸಿ ಹೋಗಲು ಅದು ಸಾಕು. ಆದರೆ ಗುಂಡಿನ ಮೇಲೆ ಹೊದಿಸಿದ ತಾಮ್ರ ಓಡುವಾಗ ನಳಿಗೆಯ ಸುರುಳಿಗೆರೆಗಳಿಗೆ ಸವರಿ ಅಂಟಿಕೊಳ್ಳುತ್ತದೆ. ಅದು ಎಣ್ಣೆಗೆ ಜಗ್ಗುವ ಜಾತಿಯದಲ್ಲ. ನಮ್ಮೂರಿನಲ್ಲಾದರೆ ತಾಮ್ರದ ಚೊಂಬಿಗೆ ಹುಣಸೆಹುಳಿ ಹಚ್ಚಿ ತಿಕ್ಕುತ್ತಾರೆ. ನಳಿಗೆಯೊಳಗೆ ಹೆಬ್ಬೆರಳು ಹೋಗುವುದಿಲ್ಲವಲ್ಲ. ಖಲ್ಫಾನ್ ಪೇಟೆಗೆ ಹೋಗಿ ಅದಕ್ಕೆಂದೇ ಮಾಡಿದ ದ್ರವದ ಬಾಟಲಿಯನ್ನೂ, ಉದ್ದದ ಸರಳನ್ನೂ, ಸರಳಿನ ತುದಿಗೆ ತಿರುಪುವ ಹೊಳೆಯುವ ಹಿತ್ತಾಳೆಯ ಮೊನೆಯನ್ನೂ ತಂದ. ಬಾಟಲಿಯ ಮುಚ್ಚಳ ತೆಗೆದರೆ ನವಸಾಗರದ ಘಾಟು. ಮೂರು ಮನೆಯಾಚೆಯ ಆಡುಗಳು ಸೀನುತ್ತಿದ್ದವು, ಹಾರುವ ನೊಣ ಹಾರುವುದನ್ನೇ ಮರೆತು ಬೀಳುತ್ತಿತ್ತು. ಕತ್ತೆಗಳ ವಿಷಯ ಇದೇ.

ಈ ದ್ರವ ತಾಮ್ರವನ್ನು ಕರಗಿಸಿದರೆ ಬಟ್ಟೆ ನೀಲಿಯಾಗುತ್ತದೆ. ನೀಲಿ ಬಂದರೆ ಒಳಗಿನ್ನೂ ತಾಮ್ರವಿದೆ; ಬಿಳಿ ಬಂದರೆ ಇಲ್ಲ. ಬಾಟಲಿಯ ಮೇಲಿನ ಈ ಮಾತು ಅವನಿಗೆ ವೇದವಾಯಿತು. ಹಿಂಬದಿಯಿಂದ ನೆನೆದ ಬಟ್ಟೆ ನೂಕಿದ, ಕಾದ, ಒಣಬಟ್ಟೆ ನೂಕಿದ. ನವಿಲಿನ ಕತ್ತಿನ ನೀಲಿ. ತನ್ನ ಡಬ್ಬಿಯ ಒಳ್ಳೆಯ ಗುಂಡು ಇಷ್ಟು ತಾಮ್ರ ಬಿಡುವುದಿಲ್ಲವೆಂದು ಅವನು ನಂಬಿದ್ದ.

ಆ ನೀಲಿಯ ಚೂರನ್ನು ಹಿಡಿದು ಅವನು ಊರಿನ ಗಂಡಸರು ಕೂರುವ ಹಜಾರಕ್ಕೆ, ಸಬ್ಲಾಕ್ಕೆ, ಬಂದ. ನಾನೂ ಅಲ್ಲಿ ಮೂಲೆಯಲ್ಲಿ ಖರ್ಜೂರ ಮೆಲ್ಲುತ್ತಿದ್ದೆ.

"ಹುಮೈದ್, ಇದೇನು?" ಎಂದು ಹುಮೈದನ ಮಡಿಲಿಗೆ ಬಟ್ಟೆ ಎಸೆದ. "ಪೇಟೆ ಕಸದ ಗುಂಡು ತುಂಬಿದ್ಯಲ್ಲ ನನ್ನ ಕೋವಿಗೆ?"

"ನೀನು ಕೊಟ್ಟ ಡಬ್ಬಿ ಬಿಟ್ಟು ಬೇರೆ ಒಂದೂ ಹಾಕಿಲ್ಲ ಭಾವ."

"ಹಾಗಾದ್ರೆ ಇದು ಎಲ್ಲಿಂದ ಬಂತು? ಆಕಾಶ ಕರಗಿ ಇಳೀತಾ?"

"ಅಲ್ಲಾಣೆ ಹೇಳ್ತೀನಿ, ಹಾಕಿಲ್ಲ."

"ಬಾಯಿ ಏನು ಬೇಕಾದ್ರೂ ಹೇಳುತ್ತೆ. ಬಟ್ಟೆ ಸುಳ್ಳು ಹೇಳಲ್ಲ."

ಹತ್ತು ಜನರ ಮುಂದೆ ಒಬ್ಬ ಆಣೆಯಿಟ್ಟ ಮೇಲೆ ಅದನ್ನು ನಂಬುವುದಿಲ್ಲ ಎನ್ನುವುದು ಆ ಕಣಿವೆಯಲ್ಲಿ ಹೊಡೆತಕ್ಕಿಂತ ದೊಡ್ಡದು; ಹೊಡೆತಕ್ಕೆ ಮುಲಾಮಿದೆ. ಹುಮೈದ್ ಎದ್ದ, ಚಪ್ಪಲಿ ಮೆಟ್ಟಿದ, ಹೋದ. ಮತ್ತೆ ಸಬ್ಲಾಕ್ಕೆ ಬರಲಿಲ್ಲ. ಶಮ್ಸಾ ಅಣ್ಣನ ಮನೆಯ ಬಾಗಿಲು ದಾಟಲಿಲ್ಲ. ತಂಡದಲ್ಲಿ ಹುಮೈದನಿಲ್ಲ, ನಳಿಗೆ ಚೊಕ್ಕವಾಗದೆ ಹೊಡೆಯಲೊಲ್ಲೆನೆಂದು ಖಲ್ಫಾನನೂ ಇಲ್ಲ. ಹಬ್ಬದ ದಿನ ಆಚೆ ಕಣಿವೆಯವರು ಗೆದ್ದು, "ವಾದಿ ಸಿದ್ರಿನ ಗಂಡಸರು ಕೋವಿ ತೊಳೀತಾರೆ, ಹೊಡಿಯೋರು ನಾವು" ಎಂದು ಹಾಡು ಕಟ್ಟಿದರು.

ಖಲ್ಫಾನ್ ಉಜ್ಜಿದ. ಸುಗ್ಗಿ ಬಂದು ಹೋಯಿತು, ಅವನು ಉಜ್ಜಿದ. ನೆನೆದ ಬಟ್ಟೆ, ಕಾಯುವಿಕೆ, ಒಣಬಟ್ಟೆ, ನೀಲಿ. ಮತ್ತೆ ನೀಲಿ. ಅವನ ಅಂಗಳದ ಬೇಲಿಗೆ ಸಿಕ್ಕಿಕೊಂಡ ನೀಲಿಚೂರುಗಳನ್ನು ದೂರದಿಂದ ಕಂಡ ಪಯಣಿಗರು ಅಲ್ಲಿ ಸಮುದ್ರವಿದೆಯೆಂದು ದಾರಿ ತಪ್ಪಿದರಂತೆ. ಪ್ರತಿ ಚೂರಿಗೂ ಅವನದು ಒಂದೇ ಮಂತ್ರ: "ನೋಡು ದರ್ಜಿ, ಇನ್ನೂ ಹುಮೈದನೇ ಬರ್ತಿದಾನೆ."

ಒಂದು ಮಧ್ಯಾಹ್ನ ನನ್ನ ಅಂಗಡಿಯ ಜಗಲಿಯಲ್ಲಿ ಕೂತು, ಹೊಸ ಬಟ್ಟೆಯನ್ನು ಮೊನೆಗೆ ಸಿಕ್ಕಿಸಿ, ದ್ರವದಲ್ಲಿ ಅದ್ದಿ, ಇನ್ನೇನು ನಳಿಗೆಗೆ ಇಡಬೇಕು, ಅಷ್ಟರಲ್ಲಿ ಮಸೀದಿಯಿಂದ ಕರೆ ಬಂತು. ಸರಳನ್ನು ಅಲ್ಲೇ ಒರಗಿಸಿ ನಮಾಜಿಗೆ ಹೋದ. ಹಿಂತಿರುಗಿ ಬಂದು ಸರಳನ್ನೆತ್ತಿದವನು ಹಾಗೆಯೇ ನಿಂತ.

"ಇದನ್ನ ನಳಿಗೆಗೆ ಹಾಕಿದ್ಯಾ?"

"ಸೂಜಿ ಬಿಟ್ಟು ಬೇರೆ ಆಯುಧ ಮುಟ್ಟೋನಲ್ಲ ನಾನು," ಎಂದೆ.

ಬಟ್ಟೆ ನೀಲಿಯಾಗಿತ್ತು. ನಳಿಗೆಯ ಮುಖವನ್ನೇ ಕಾಣದ ಬಟ್ಟೆ. ಅವನು ಅದನ್ನು ಬಿಡಿಸಿ ಹಿತ್ತಾಳೆಯ ಮೊನೆಯನ್ನು ನೋಡಿದ. ಹಿತ್ತಾಳೆಯೆಂದರೆ ಬಹುಪಾಲು ತಾಮ್ರವೇ ಎಂಬುದು ಹಿತ್ತಾಳೆಯ ಕಾಫಿ ಹೂಜಿಗಳ ನಡುವೆ ಹುಟ್ಟಿದ ಆ ಮನುಷ್ಯನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಜಗಲಿಯ ಮೇಲೆ ಮೆಲ್ಲಗೆ ಕೂತ. ನಾನು ಕಂಡಂತೆ ಮೊದಲ ಬಾರಿಗೆ ಕೋಟು ಬಿಚ್ಚಿ ಪಕ್ಕಕ್ಕಿಟ್ಟ. ಒಳಗಿನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆಮೇಲೆ ಆಡಿನ ಕೊಂಬಿನ ಚೂರೊಂದನ್ನು ಕೆತ್ತಿ ಸರಳಿನ ತುದಿಗೆ ಕೂರಿಸಿ ಮತ್ತೆ ನೂಕಿದ. ಬಟ್ಟೆ ಆಚೆ ಕಡೆ ಹೊರಬಂತು, ನಾನು ಕೊಟ್ಟಾಗ ಇದ್ದಷ್ಟೇ ಬಿಳಿ. ನಳಿಗೆ ಎಂದೋ ಚೊಕ್ಕವಾಗಿತ್ತು.

"ಮೊದಲಿನ ನೀಲಿ?" ಎಂದು ಕೇಳಿದ್ದು ನನ್ನ ಬಾಯಿಚಪಲ.

"ಅದು ನನ್ನದೇ. ಇಷ್ಟು ವರ್ಷದ್ದು. ಎಣ್ಣೆ ಹಾಕಿ ಮುಚ್ಚಿಟ್ಟಿದ್ದೆ," ಎಂದ. "ಅವನು ಹೊಡೆದದ್ದು ಒಂದೇ ಗುಂಡು, ದರ್ಜಿ."

ಮರುದಿನ ಹುಮೈದನ ಮನೆಗೆ ನನ್ನನ್ನೂ ಎಳೆದುಕೊಂಡು ಹೋದ. ನಡಿಗೆಯಲ್ಲಿ ತಲೆಯ ಮೇಲಿನ ಕೊಡ ಇರಲಿಲ್ಲ. ಹುಮೈದ್ ಕೂರಿಸಿದ, ಕಾಫಿ ಬಗ್ಗಿಸಿದ. ಖಲ್ಫಾನ್ ಬಟ್ಟಲನ್ನು ತುಟಿಗೆ ತಾಗಿಸದೆ ನೆಲಕ್ಕಿಟ್ಟ. ಕೇಳುವುದೊಂದಿದೆ, ಕೊಡುವೆನೆಂದರೆ ಮಾತ್ರ ಕುಡಿಯುತ್ತೇನೆ ಎಂದು ಅದರರ್ಥ. ಅತಿಥಿ ಕುಡಿಯದ ಬಟ್ಟಲು ಮನೆಯವನ ಮಾನಕ್ಕೆ ಭಾರ. ಸಾಮಾನ್ಯವಾಗಿ, "ಕೊಟ್ಟೆ, ಕುಡಿ" ಎಂದುಬಿಡುತ್ತಾರೆ.

ಹುಮೈದ್ ಅನ್ನಲಿಲ್ಲ. ಕಾಫಿ ತಣಿಯಿತು.

ಪರದೆಯ ಹಿಂದಿನಿಂದ ಶಮ್ಸಾ ಅಂದಳು: "ಬಟ್ಟಲಿನ ಕೈಲಿ ಮಾತಾಡಿಸ್ಬೇಡ ಅಣ್ಣ. ಅವತ್ತು ಬಾಯಿ ಇತ್ತಲ್ಲ."

"ತಪ್ಪಾಯ್ತು," ಎಂದ ಖಲ್ಫಾನ್. "ಮೊನೆ ಹಿತ್ತಾಳೆದು. ನೀಲಿ ಅದರದು."

"ನನಗ್ಯಾಕೆ ಹೇಳ್ತೀಯಾ ಭಾವ? ನಾನು ಏನು ತುಂಬಿದ್ದೆ ಅಂತ ನನಗೆ ಗೊತ್ತಿತ್ತು," ಎಂದ ಹುಮೈದ್. "ಗೊತ್ತಿಲ್ಲದೋರು ಸಬ್ಲಾದಲ್ಲಿ ಕೂತಿದಾರೆ."

ಶುಕ್ರವಾರದ ನಮಾಜಿನ ಬಳಿಕ ಸಬ್ಲಾ ತುಂಬಿತ್ತು. ಹುಮೈದ್ ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ ಕೂತಿದ್ದ. ಖಲ್ಫಾನ್ ನಡುವೆ ನಿಂತು, ಹಿತ್ತಾಳೆಯ ಮೊನೆಗೆ ಒದ್ದೆ ಬಟ್ಟೆ ಸುತ್ತಿ ಎಲ್ಲರೆದುರಿಗೆ ಇಟ್ಟ. ಘಾಟಿಗೆ ಹಿರಿಯರ ಕಣ್ಣಲ್ಲಿ ನೀರು ಬಂತು; ಅವನ ಕಣ್ಣಲ್ಲೂ. ಯಾವುದು ಯಾವುದರದೆಂದು ಯಾರೂ ಕೇಳಲಿಲ್ಲ. ಬಟ್ಟೆಯ ಅಂಚಿಗೆ ನೀಲಿ ಹತ್ತಿದೊಡನೆ ಜನಕ್ಕೆ ಅರ್ಥವಾಗಿ, ಸಭ್ಯತೆಯಿಂದ ಮಾತು ಬೇರೆ ಕಡೆಗೆ ಹರಿಸಿದರು.

"ಬಿಡಯ್ಯ ಖಲ್ಫಾನ್, ಹಳೇ ಮಾತು."

"ಕೂತ್ಕೋ, ಕಾಫಿ ಬರ್ತಿದೆ."

"ಈ ಸಲ ಖರ್ಜೂರ ಹೇಗೆ?"

ಅವರ ಆ ದಯೆಯೇ ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು. ಬೈದಿದ್ದರೆ ಪೊಲೀಸಿನವನಂತೆ ನೆಟ್ಟಗೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವನು ಕೂರಲಿಲ್ಲ. "ಹೇಳೋಕೆ ಬಿಡಿ," ಎಂದ. "ಇವನು ಆಣೆ ಇಟ್ಟ, ಅದು ನಿಜ. ಸುಳ್ಳು ಅಂದೋನು ನಾನು. ಕೋವಿ ಕೊಳೆ ಅಂತ ಅಲ್ಲ ನನಗೆ ಉರಿದದ್ದು. ಹಾಡಲ್ಲಿ ಇವನ ಹೆಸರು ಬಂತು ಅಂತ."

ಆಗ ಮಾತ್ರ ಹುಮೈದ್ ಚಪ್ಪಲಿಗಳ ಬಳಿಯಿಂದ ಎದ್ದು ಬಂದು, ಆ ಕಣಿವೆಯಲ್ಲಿ ನೆಂಟರು ವಂದಿಸುವ ಹಾಗೆ, ಭಾವನ ಮೂಗಿಗೆ ಮೂಗು ತಾಗಿಸಿದ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಗಿಯುತ್ತಿತ್ತು. ಖಲ್ಫಾನ್ ಮಾತ್ರ ಅಂದಿನಿಂದ ಹುಮೈದ್ ಎದುರಾದಲ್ಲೆಲ್ಲ ಕ್ಷಮೆ ಕೇಳತೊಡಗಿದ: ಬಾವಿಯ ಬಳಿ, ಜೇನುಗೂಡಿನ ಬಳಿ, ಸಂತೆಯಲ್ಲಿ ಮೀನು ಆರಿಸುವಾಗ. ತಿಂಗಳುಗಳು ಕಳೆದರೂ ಬಿಡಲಿಲ್ಲ. ಕೊನೆಗೊಂದು ದಿನ ನನ್ನ ಜಗಲಿಯಲ್ಲೇ ಹುಮೈದ್ ಅವನ ತೋಳು ಹಿಡಿದು ಅಂದ: "ಸಾಕು ಭಾವ. ಬಿಳಿ ಬಂದು ಎಷ್ಟೋ ಕಾಲ ಆಯ್ತು. ಇನ್ನೂ ಉಜ್ಜಿದ್ರೆ ನಳಿಗೆ ಸವೆಯುತ್ತೆ."

ಚೊಕ್ಕತನದ ವ್ರತ ಹಿಡಿದವರ ಕುಲ ಲೋಕದಲ್ಲಿ ದೊಡ್ಡದಿದೆ. ನಮ್ಮೂರಿನ ಮಡಿಯವರೂ ಅದರ ನೆಂಟರೇ. ಅವರು ಕೆಟ್ಟವರಲ್ಲ. ಕೊಳೆಯನ್ನು ಬೇರೆಯವರಲ್ಲಿ ಹುಡುಕುವಾಗ ಯಾವ ನಿಷ್ಠೆಯೋ, ತನ್ನಲ್ಲಿ ಕಂಡಾಗಲೂ ಅದೇ ನಿಷ್ಠೆ. ಮೊದಲನೆಯದರಿಂದ ನೆರೆಯವರು ನವೆಯುತ್ತಾರೆ, ಎರಡನೆಯದರಿಂದ ತಾವೇ. ಇಂಥವರಿಗೆ ತಪ್ಪನ್ನು ತೋರಿಸಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಸಾಕು ಎಂದು ಕೈ ಹಿಡಿದು ನಿಲ್ಲಿಸುವವನು ಸಿಗುವುದು ಅಪರೂಪ, ಅದೂ ಅವರು ಯಾರ ಆಣೆಯನ್ನು ನಂಬಲಿಲ್ಲವೋ ಅವನೇ ಆಗಿ.