ತೊಂಬತ್ತಮೂರು ವಾರ ಹೆಚ್ಚು

ನನ್ನ ತಂಗಿಗೆ ಎರಡು ಸಂಸಾರ. ಮೊದಲನೆಯದು ಮನೆಯಲ್ಲಿದೆ: ಗಂಡ, ಮಗಳು, ಹಾಲು ಉಕ್ಕಿ ಉಕ್ಕಿ ಕಪ್ಪಾದ ಒಲೆ. ಎರಡನೆಯದು ಫೋನಿನಲ್ಲಿದೆ. ಅದರ ಹೆಸರು ‘ಪೋಷಕರ ವೇದಿಕೆ’. ಮಕ್ಕಳನ್ನು ಒಳ್ಳೆಯ ಕಾಲೇಜಿಗೆ ಸೇರಿಸಲು ಹೊರಟ ನಲವತ್ತು ಸಾವಿರ ಅಪ್ಪ ಅಮ್ಮಂದಿರು ಅಲ್ಲಿ ಹಗಲೆಲ್ಲ ಒಬ್ಬರಿಗೊಬ್ಬರು ಬುದ್ಧಿ ಹೇಳುತ್ತ ಕೂತಿರುತ್ತಾರೆ. ಹೇಳುವವರಿಗೆ ಬರವಿಲ್ಲ, ಕೇಳಿಸಿಕೊಳ್ಳುವ ಒಬ್ಬ ಪುಣ್ಯಾತ್ಮನನ್ನೂ ನಾನು ಅಲ್ಲಿ ಕಂಡಿಲ್ಲ. ನನ್ನ ತಂಗಿ ಒಬ್ಬಳನ್ನು ಬಿಟ್ಟರೆ.

ನಾನು ತಕ್ಕಡಿ ರಿಪೇರಿ ಮಾಡುವವನು. ಔಷಧಿ ಅಂಗಡಿ, ಅಂಚೆ ಕಚೇರಿ, ಆಸ್ಪತ್ರೆ, ಎಲ್ಲೆಲ್ಲಿ ತೂಗುತ್ತಾರೋ ಅಲ್ಲಿಂದೆಲ್ಲ ನನ್ನ ಬೆಂಚಿಗೆ ತಕ್ಕಡಿಗಳು ಬರುತ್ತವೆ. ತೂಕ ಸರಿಯಿದ್ದರೆ ಸೀಸದ ಮುದ್ರೆ ಒತ್ತುತ್ತೇನೆ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುತ್ತೇನೆ. ಚೀಟಿಯ ಮೇಲೆ ಎರಡೇ ಸಾಲು ಅಚ್ಚಾಗಿದೆ. ‘ತಪ್ಪು ತೋರಿಸುತ್ತದೆ, ಬಳಸಬಾರದು’ ಅನ್ನುವುದು ಒಂದು. ‘ಎಷ್ಟು ತಪ್ಪು’ ಅನ್ನುವುದು ಇನ್ನೊಂದು. ಅದರ ಮುಂದಿನ ಖಾಲಿ ಜಾಗವನ್ನು ಕೈಯಲ್ಲಿ ತುಂಬಬೇಕು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಹಾಗಾಗಿ ಬಾಯಿಗೆ ಬಂದ ಅಂಕಿ ಒದರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಆ ವೇದಿಕೆಯ ತುಂಬ ಅಂಥವರೇ. ‘ಅನುಭವಿ ಅಪ್ಪ’ ಅಂತ ಒಬ್ಬನಿದ್ದಾನೆ. ಅವನ ಮಗ ಕಾಲೇಜು ಮುಗಿಸಿ ಆರು ವರ್ಷವಾಯಿತು. ಆದರೂ ಈ ಮಹಾಶಯ ಹೊರಡುವುದನ್ನೇ ಮರೆತ ನೆಂಟನ ಹಾಗೆ ಅಲ್ಲೇ ಠಿಕಾಣಿ ಹೂಡಿದ್ದಾನೆ. ‘ಎರಡು ಚಿನ್ನದ ತಾಯಿ’ ಅಂತ ಒಬ್ಬಳು. ಹಾಸ್ಟೆಲಿನ ನಲ್ಲಿಯಲ್ಲಿ ನೀರು ಬರುತ್ತಾ ಅಂತ ಕೇಳಿದರೂ ತನ್ನಿಬ್ಬರು ಮಕ್ಕಳ ಅಂಕದಿಂದಲೇ ಉತ್ತರ ಶುರು ಮಾಡುತ್ತಾಳೆ. ‘ಶಾಂತಿಪ್ರಿಯ’ ಅನ್ನುವವನು ಎಲ್ಲರ ಮೇಲೂ ಕಾಲು ಕೆರೆದು ಜಗಳಕ್ಕೆ ಹೋಗುತ್ತಾನೆ. ಒಂದು ದಿನ ತಂಗಿ ಮಗಳ ಅಂಕಪಟ್ಟಿಯನ್ನೆಲ್ಲ ಅಲ್ಲಿ ಹರವಿ, ‘ನಮ್ಮ ಹುಡುಗಿಗೆ ಒಳ್ಳೆ ಕಡೆ ಸೀಟು ಸಿಗಬಹುದಾ’ ಎಂದು ಕೇಳಿದಳು. ಒಬ್ಬ ಶೇಕಡ ಅರವತ್ತು ಅಂದ. ಇನ್ನೊಬ್ಬ ನಲವತ್ತೆರಡು ಅಂದ. ನಲವತ್ತೊಂದೂ ಅಲ್ಲ, ನಲವತ್ತಮೂರೂ ಅಲ್ಲ. ಯಾವ ತಕ್ಕಡಿಯಲ್ಲಿ ತೂಗಿದನೋ, ಆ ಪುಣ್ಯಾತ್ಮನನ್ನೇ ಕೇಳಬೇಕು.

ಹೀಗಿರುವಾಗ ತಂಗಿ ಮಗಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದಳು. ಹದಿನೇಳು ವರ್ಷದ ಹುಡುಗಿ. ಮನೆಯಲ್ಲಿ ಎಲ್ಲರೂ ಅವಳನ್ನು ಚೂಟಿ ಅನ್ನುತ್ತೇವೆ.

“ಅಣ್ಣ, ಇವಳಿಗೆ ಪಿಟೀಲು ಬಿಡಿಸ್ಬಿಟ್ಟೆ,” ಅಂದಳು ತಂಗಿ.

“ಯಾಕೆ, ಚೆನ್ನಾಗೇ ನುಡಿಸ್ತಿದ್ಲಲ್ಲ?”

“ಪಿಟೀಲು ಎಲ್ಲಾ ಮಕ್ಕಳ ಹತ್ರಾನೂ ಇದೆ ಅಂತೆ. ಅನುಭವಿ ಅಪ್ಪ ಹೇಳ್ತಿದ್ರು, ಈ ವರ್ಷ ಕೈಕೆಲಸಕ್ಕೇ ಬೆಲೆ ಅಂತೆ. ಬೇರೆ ಮಕ್ಕಳು ಮಾಡದೇ ಇರೋದು ಏನಾದ್ರೂ ಇರಬೇಕು. ಕೈ ಕೊಳೆ ಆದಷ್ಟೂ ಒಳ್ಳೇದಂತೆ. ಆಗ ನಿನ್ನ ನೆನಪಾಯ್ತು.”

ಒಡಹುಟ್ಟಿದವಳಿಗೆ ಅಣ್ಣ ನೆನಪಾಗುವುದಕ್ಕೆ ಇಂಥ ಕಾರಣಗಳೂ ಇರುತ್ತವೆ. ಚೂಟಿ ನೆಲ ನೋಡುತ್ತ ನಿಂತಿದ್ದಳು. ಅವಳ ಮುಖ ನೋಡಿ ಅಯ್ಯೋ ಅನ್ನಿಸಿತು. ಏಪ್ರನ್ ಕೊಟ್ಟು, ತೂಕದ ಕಲ್ಲುಗಳನ್ನು ಒರೆಸಲು ಕೂರಿಸಿದೆ. ಎರಡು ದಿನಕ್ಕೆ ಬೇಸತ್ತು ಓಡಿಹೋಗುತ್ತಾಳೆ ಅಂದುಕೊಂಡಿದ್ದೆ.

ಅವಳು ಓಡಲಿಲ್ಲ. ಶಾಲೆ ಬಿಟ್ಟ ಮೇಲೆ ದಿನಾ ಬಂದಳು. ನಾಲ್ಕನೇ ವಾರ ಆಸ್ಪತ್ರೆಯಿಂದ ಎಳೆ ಮಕ್ಕಳನ್ನು ತೂಗುವ ತಕ್ಕಡಿ ಬಂತು. ಅದನ್ನು ತಂದ ನರ್ಸು, “ನಮ್ಮ ಮಕ್ಕಳು ಬೆಳಿಗ್ಗೆ ದಪ್ಪ ಆಗ್ತಾವೆ, ಮಧ್ಯಾಹ್ನ ಸೊರಗ್ತಾವೆ, ಏನು ಮಾಯಾನೋ,” ಅಂದಿದ್ದಳು. ನಾನು ಒಂದು ಕಿಲೋ ಕಲ್ಲನ್ನು ತಟ್ಟೆಯ ನಡುವೆ ಇಟ್ಟೆ. ಸರಿಯಾಗಿ ಒಂದು ಕಿಲೋ ತೋರಿಸಿತು. ಫೋನ್ ಬಂತೆಂದು ಆಚೆ ಹೋಗಿ ಬರುವಷ್ಟರಲ್ಲಿ ಚೂಟಿ ಆ ಕಲ್ಲನ್ನು ಮೂಲೆಯಿಂದ ಮೂಲೆಗೆ ಸರಿಸುತ್ತಿದ್ದಳು.

“ಮಾವ, ನಡುವೆ ಇಟ್ರೆ ಸರಿ ಹೇಳುತ್ತೆ. ಈ ಮೂಲೇಲಿ ಇಟ್ರೆ ಎಂಬತ್ತು ಗ್ರಾಂ ಜಾಸ್ತಿ. ಬೆಳಗಿನ ಪಾಳಿಯವ್ರು ಮಗೂನ ಈ ಕಡೆ ಮಲಗಿಸ್ತಾರೇನೋ.”

ನಾಲ್ಕು ಮೂಲೆ ನೋಡಬೇಕೆಂದು ನಾನು ಅವಳಿಗೆ ಇನ್ನೂ ಹೇಳಿಕೊಟ್ಟಿರಲಿಲ್ಲ. ತಟ್ಟೆ ಬಿಚ್ಚಿ ನೋಡಿದರೆ ಆ ಮೂಲೆಯ ಆಸರೆ ಸೊಟ್ಟಗಾಗಿತ್ತು. ಮೂರು ದಿನ ಕೂತು ಅವಳೇ ಅದನ್ನು ಸರಿಮಾಡಿದಳು. ನನಗೆ ಮಕ್ಕಳಿಲ್ಲ. ಆ ಮೂರು ದಿನ ನನಗಾದ ಸಂತೋಷವನ್ನು ನಾನು ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ಹತ್ತನೇ ವಾರ ಅವಳು ಒಂದು ಕಾಲೇಜಿನ ಹೆಸರು ಹೇಳಿದಳು. ಅಳತೆ ಉಪಕರಣಗಳನ್ನು ಮಾಡುವುದನ್ನೇ ಕಲಿಸುವ ಕೋರ್ಸು, ಇರುವುದು ಇಪ್ಪತ್ತು ಸೀಟು. ಇಷ್ಟು ವರ್ಷ ಈ ಕಸುಬಿನಲ್ಲಿದ್ದೂ ಅಂಥದ್ದೊಂದು ಇದೆಯೆಂದು ನನಗೆ ಗೊತ್ತಿರಲಿಲ್ಲ.

“ನಂಗೆ ಅದೊಂದೇ ಬೇಕು ಮಾವ,” ಅಂದಳು. “ಬೇರೆ ಯಾವುದೂ ಬೇಡ.”

“ಯಾರು ಹೇಳಿದ್ರು ನಿಂಗೆ?”

“ಅಮ್ಮನ ವೇದಿಕೇಲಿ ನಾನೇ ಕೇಳಿದ್ದೆ, ಅಮ್ಮನ ಹೆಸರಲ್ಲಿ. ‘ಕೊನೇ ಬೆಂಚು’ ಅಂತ ಒಬ್ರು ಉತ್ತರ ಬರೆದಿದ್ದಾರೆ. ನಾಲ್ಕೇ ಸಾಲು. ಒಂದ್ಸಲ ಓದಿ.” ಫೋನನ್ನು ನನ್ನ ಮುಂದೆ ಹಿಡಿದಳು.

“ಆ ಕಸದ ಬುಟ್ಟಿಗೆ ನಾನು ಕೈ ಹಾಕಲ್ಲ.”

“ಇದು ಹಾಗಿಲ್ಲ ಮಾವ.”

“ಎಲ್ಲಾ ಹಾಗೇ ಇರುತ್ತೆ. ಆ ಸ್ಕ್ರೂಡ್ರೈವರ್ ಕೊಡು.”

ಅವಳು ಇನ್ನೊಂದು ಗಳಿಗೆ ಫೋನು ಹಿಡಿದುಕೊಂಡೇ ನಿಂತಿದ್ದು, ಆಮೇಲೆ ಜೇಬಿಗೆ ಹಾಕಿಕೊಂಡು ಸ್ಕ್ರೂಡ್ರೈವರ್ ಕೊಟ್ಟಳು.

ಹನ್ನೊಂದನೇ ವಾರದ ಕೊನೆಗೆ ಅರ್ಜಿ ಕಳಿಸುವ ದಿನ ಹತ್ತಿರ ಬಂತು. ಕೆಲಸ ಕಲಿಸಿದವರಿಂದ ಒಂದು ಪತ್ರ ಬೇಕಿತ್ತು. ತಂಗಿ ಬಂದು ನನ್ನ ಎದುರು ಕೂತಳು.

“ಎರಡು ವರ್ಷ ಅಂತ ಬರ್ಕೊಡು ಅಣ್ಣ.”

“ಹನ್ನೊಂದು ವಾರ ಅಂತ ಬರ್ಕೊಡ್ತೀನಿ.”

“ಹನ್ನೊಂದು ವಾರ ಅಂದ್ರೆ ಯಾರೂ ಮೂಸಿ ನೋಡಲ್ಲ. ಕಡಿಮೆ ಅಂದ್ರೂ ಎರಡು ವರ್ಷ ಇರ್ಬೇಕಂತೆ. ಎಲ್ಲಾರೂ ಹಾಗೇ ಬರೆಸ್ಕೊಳ್ತಾರೆ. ನೀನೊಬ್ನೇ ಹರಿಶ್ಚಂದ್ರ ಆಗ್ಬೇಡ.”

“ನಿನ್ನ ಆ ಅನುಭವಿ ಅಪ್ಪ ಬರ್ಕೊಡ್ಲಿ, ಅವನಿಗೆ ಬೇರೆ ಕೆಲಸ ಇಲ್ವಲ್ಲ. ನನ್ನ ಅಂಗಡಿ ಮುದ್ರೆ ಸುಳ್ಳಿಗೆ ಬೀಳಲ್ಲ.”

ತಂಗಿ ಮೂಗು ಕೆಂಪಗೆ ಮಾಡಿಕೊಂಡು ಎದ್ದು ಹೋದಳು. ಹೋದವಳು ಸುಮ್ಮನಿರಬೇಕಲ್ಲ, ‘ಒಡಹುಟ್ಟಿದ ಅಣ್ಣನೇ ಮಗಳ ಭವಿಷ್ಯಕ್ಕೆ ಕಲ್ಲು ಹಾಕಿದರೆ ಏನು ಮಾಡಬೇಕು’ ಎಂದು ವೇದಿಕೆಯಲ್ಲಿ ಕೇಳಿದಳು. ಇನ್ನೂರ ಹನ್ನೆರಡು ಉತ್ತರ ಬಂದವು. ಅದರಲ್ಲಿ ಕೆಲವನ್ನು ಫೋನ್ ಮಾಡಿ ನನಗೇ ಓದಿ ಹೇಳಿದಳು. ನನಗೆ ಹೊಟ್ಟೆಕಿಚ್ಚಂತೆ. ಓದದೆ ಉಳಿದವರಿಗೆ ಓದುವವರನ್ನು ಕಂಡರೆ ಆಗುವುದಿಲ್ಲವಂತೆ. ನನ್ನ ಸಂಬಂಧವನ್ನೇ ಕಡಿದುಕೊಳ್ಳಬೇಕೆಂದು ಶಾಂತಿಪ್ರಿಯ ಅಪ್ಪಣೆ ಕೊಡಿಸಿದ್ದ. ನನ್ನ ಮುಖವನ್ನೇ ನೋಡದ ಇನ್ನೂರು ಜನ ನನ್ನ ಜಾತಕ ಬರೆದಿದ್ದರು. ನಾನು ನಕ್ಕು ಫೋನಿಟ್ಟೆ.

ಅದಾದ ಎರಡು ದಿನಕ್ಕೆ ನಾನು ಅಂಚೆ ಕಚೇರಿಯ ದೊಡ್ಡ ತಕ್ಕಡಿ ನೋಡಲು ಹೋಗಿದ್ದಾಗ ತಂಗಿ ಅಂಗಡಿಗೆ ಬಂದು ಹೋದಳೆಂದು ಪಕ್ಕದ ಟೈಲರ್ ಹೇಳಿದ. ನನ್ನ ಮೇಜಿನ ಡ್ರಾಯರಿನಲ್ಲಿ ರಬ್ಬರ್ ಮುದ್ರೆಯ ಇಂಕಿನ ಡಬ್ಬಿ ಮುಚ್ಚಳ ತೆರೆದು ಬಿದ್ದಿತ್ತು. ನಾನೇ ಮರೆತಿರಬೇಕು ಎಂದು ಮುಚ್ಚಿಟ್ಟೆ.

ಮೂರು ವಾರ ಕಳೆದು, ಒಂದು ದಿನ ಅಂಗಡಿಯ ಫೋನು ಹೊಡೆದುಕೊಂಡಿತು. ಅರ್ಜಿ ಹೋದ ಮೇಲೂ ಚೂಟಿ ಬರುವುದನ್ನು ಬಿಟ್ಟಿರಲಿಲ್ಲ. ಅವಳು ಬೆಂಚಿನಲ್ಲಿ ಔಷಧಿ ಅಂಗಡಿಯ ಸಣ್ಣ ತಕ್ಕಡಿಗೆ ಚಿಮುಟದಿಂದ ಕಲ್ಲು ಇಡುತ್ತಿದ್ದಳು. ಫೋನಿನಲ್ಲಿ ಆ ಕಾಲೇಜಿನ ಪ್ರವೇಶ ವಿಭಾಗದ ಹೆಂಗಸು.

“ನಿಮ್ಮ ಅಂಗಡಿ ಪತ್ರ ನನ್ನ ಕೈಲಿದೆ. ಒಂದು ಸಣ್ಣ ವಿಚಾರ ಕೇಳಬೇಕಿತ್ತು. ಈ ಹುಡುಗಿ ನಿಮ್ಮ ಹತ್ರ ಎಷ್ಟು ಕಾಲ ಕೆಲಸ ಮಾಡಿದ್ದಾಳೆ?”

ನಾನು ಯಾವ ಪತ್ರವನ್ನೂ ಬರೆದಿರಲಿಲ್ಲ, ಯಾರೂ ಮತ್ತೆ ಬಂದು ಕೇಳಿಯೂ ಇರಲಿಲ್ಲ. ಇಂಕಿನ ಡಬ್ಬಿಯ ಮುಚ್ಚಳ ಕಣ್ಣ ಮುಂದೆ ಬಂತು. ನಿಜ ಹೇಳಿದರೆ ಪತ್ರ ಕಳ್ಳಪತ್ರವಾಗುತ್ತದೆ, ಅದು ಇರುವುದು ಚೂಟಿಯ ಅರ್ಜಿಯ ಜೊತೆ, ಇಪ್ಪತ್ತು ಸೀಟಿನಲ್ಲಿ ಒಂದು ಅವಳ ಕೈ ತಪ್ಪುತ್ತದೆ. ‘ನಂಗೆ ಅದೊಂದೇ ಬೇಕು’ ಅಂದಿದ್ದಳು. ಇಷ್ಟು ಯೋಚಿಸಲು ನನಗೆ ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು.

“ಎರಡು ವರ್ಷ ಮೇಡಂ,” ಅಂದೆ.

“ತಪ್ಪದೆ ಬರ್ತಿದ್ಲಾ?”

“ಎರಡು ವರ್ಷದಲ್ಲಿ ಒಂದು ವಾರಾನೂ ತಪ್ಪಿಸಿಲ್ಲ.” ಅದನ್ನು ಸೇರಿಸುವ ಅಗತ್ಯ ಏನೂ ಇರಲಿಲ್ಲ. ಸುಳ್ಳು ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಹೊರಳುತ್ತದೆಂದು ನನಗೇ ಗೊತ್ತಿರಲಿಲ್ಲ.

ಆ ಕಡೆ ಕಾಗದ ಮಗುಚಿದ ಸದ್ದಾಯಿತು. “ವಿಚಿತ್ರ. ಹುಡುಗಿ ತನ್ನ ಅರ್ಜೀಲಿ ಹನ್ನೊಂದು ವಾರ ಅಂತ ಬರೆದಿದ್ದಾಳೆ. ಮಕ್ಕಳ ತಕ್ಕಡಿ ರಿಪೇರಿ ಬಗ್ಗೆ ಎರಡು ಪುಟ ಬರೆದಿದ್ದಾಳೆ, ನಮಗೆಲ್ಲಾ ಹಿಡಿಸಿತ್ತು. ಈಗ ನಿಮ್ಮಿಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದೀರಿ. ಯಾರು ಅಂತ ಪತ್ತೆ ಮಾಡ್ತಾ ಕೂರೋಕೆ ನಮಗೆ ಪುರುಸೊತ್ತಿಲ್ಲ.” ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಇಟ್ಟಳು.

ಚೂಟಿ ಕಲ್ಲುಗಳನ್ನು ಒಂದೊಂದಾಗಿ ಪೆಟ್ಟಿಗೆಯ ಗುಳಿಗಳಿಗೆ ಹಾಕಿದಳು, ದೊಡ್ಡದರಿಂದ ಸಣ್ಣದರವರೆಗೆ, ನಾನು ಕಲಿಸಿದ ಹಾಗೆಯೇ. ಆಮೇಲೆ ಗೋಡೆಯ ಮೊಳೆಯಿಂದ ಒಂದು ಕೆಂಪು ಚೀಟಿ ತೆಗೆದು ಏನೋ ಬರೆದಳು. ನನ್ನ ಹತ್ತಿರ ಬಂದು, ನಾನು ಕೂತಿದ್ದ ಕುರ್ಚಿಯ ಕೈಗೆ ಅದನ್ನು ಕಟ್ಟಿದಳು. ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿದಳು.

“ನಾನು ಹನ್ನೊಂದು ಅಂತ ಬರೆದಿದ್ದೆ ಮಾವ,” ಅಂದಳು. ಏಪ್ರನ್ ಕಳಚಿ ಮಡಿಸಿಟ್ಟು ಹೋದಳು.

‘ಎಷ್ಟು ತಪ್ಪು’ ಅನ್ನುವ ಕಡೆ ‘93 ವಾರ ಹೆಚ್ಚು’ ಎಂದು ಬರೆದಿತ್ತು. ಎರಡು ವರ್ಷಕ್ಕೆ ನೂರ ನಾಲ್ಕು ವಾರ, ಅದರಲ್ಲಿ ಹನ್ನೊಂದು ಕಳೆದಿದ್ದಳು. ಲೆಕ್ಕ ಸರಿಯಾಗಿಯೇ ಇತ್ತು.

ತಂಗಿಗೆ ಫೋನ್ ಮಾಡಿ ಉಗಿಯಬೇಕೆಂದಿದ್ದೆ. ಕಾಲೇಜಿನವರಿಗೆ ನಾನು ಹೇಳಿದ್ದನ್ನು ಕೇಳಿದ್ದೇ ತಡ, ಅವಳು ನನ್ನ ಮಾತು ಮುಗಿಯಲೂ ಬಿಡದೆ, “ಕೊನೆಗೂ ಅಣ್ಣ ಅನ್ನಿಸ್ಕೊಂಡೆ, ನಿನ್ನ ಉಪಕಾರ ಮರೆಯಲ್ಲ,” ಅಂದಳು. ಇನ್ನೂರು ಜನ ಬೈದಾಗ ಚುಚ್ಚದ್ದು ಆ ಹೊಗಳಿಕೆಯಲ್ಲಿ ಚುಚ್ಚಿತು. ಉಗಿಯಲು ನನ್ನ ಬಾಯಲ್ಲಿ ಉಗುಳೇ ಉಳಿದಿರಲಿಲ್ಲ.

ಸಂಜೆ ಆ ಕಸದ ಬುಟ್ಟಿಗೆ ಕೈ ಹಾಕಿದೆ. ಪತ್ರದ ಬಗ್ಗೆ ತಂಗಿ ಎಬ್ಬಿಸಿದ್ದ ರಗಳೆಯ ಕೆಳಗೆ, ‘ಮುದ್ರೆ ಎಲ್ಲಿದೆ ಗೊತ್ತಲ್ಲ, ಪತ್ರ ನೀವೇ ಬರೆದುಬಿಡಿ, ಯಾರು ಫೋನ್ ಮಾಡಿ ಕೇಳುತ್ತಾರೆ’ ಎಂದು ಎರಡು ಚಿನ್ನದ ತಾಯಿ ಬರೆದಿದ್ದಳು. ಅದನ್ನು ಮಾತ್ರ ತಂಗಿ ನನಗೆ ಓದಿ ಹೇಳಿರಲಿಲ್ಲ. ಇನ್ನೂ ಹುಡುಕಿ, ಚೂಟಿ ಕೇಳಿದ್ದ ಪ್ರಶ್ನೆಗೆ ಕೊನೇ ಬೆಂಚು ಕೊಟ್ಟಿದ್ದ ಉತ್ತರ ಹಿಡಿದೆ.

‘ನಾನು ಓದಿದ್ದು ಇದೇ ಕೋರ್ಸು, ಈಗ ಅಲ್ಲಿಯೇ ಪ್ರಯೋಗಾಲಯದಲ್ಲಿ ಕೆಲಸ. ಎಷ್ಟು ದಿನ ಕೆಲಸ ಮಾಡಿದ್ದೀರಿ ಎಂದು ಇಲ್ಲಿ ಯಾರೂ ತೂಗುವುದಿಲ್ಲ, ಸ್ವಂತ ಕೈಯಲ್ಲಿ ಸರಿಮಾಡಿದ ಒಂದೇ ಒಂದು ವಸ್ತುವಿನ ಬಗ್ಗೆ ಬರೆಯಿರಿ. ಕೆಲಸ ಕಲಿಸಿದವರಿಗೆ ಫೋನ್ ಮಾಡಿಯೇ ಮಾಡುತ್ತಾರೆ. ನಿಮ್ಮ ಅಂಕಿ, ಅವರ ಅಂಕಿ ಒಂದೇ ಇರಲಿ, ಅವರಿಗೆ ಮೊದಲೇ ಹೇಳಿಡಿ.’

ಒಬ್ಬರೂ ಅದನ್ನು ಮೆಚ್ಚಿರಲಿಲ್ಲ. ಅದರ ಕೆಳಗೆ ಅನುಭವಿ ಅಪ್ಪ, ‘ಇಂಥದ್ದನ್ನೆಲ್ಲ ನಂಬಿ ಮೋಸ ಹೋಗಬೇಡಿ’ ಎಂದು ಬರೆದಿದ್ದ. ಮುನ್ನೂರ ನಲವತ್ತು ಜನ ಮೆಚ್ಚಿದ್ದರು. ಆ ಮೂರ್ಖರನ್ನು ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಅವರಾದರೂ ಓದಿ ಬಿಟ್ಟಿದ್ದರು. ನನ್ನ ಮೂಗಿನ ಮುಂದೆ ಹಿಡಿದರೂ ನಾನು ಓದಿರಲಿಲ್ಲ.

ಮರುದಿನ ಕಚೇರಿ ತೆರೆಯುತ್ತಲೇ ಫೋನ್ ಮಾಡಿದೆ.

“ಮೇಡಂ, ಹುಡುಗಿ ಬರೆದಿರೋದೇ ಸರಿ. ಹನ್ನೊಂದು ವಾರ. ಆ ಪತ್ರ ನಾನು ಬರೆದಿದ್ದಲ್ಲ, ಅವಳಿಗೆ ಅದು ಗೊತ್ತೂ ಇಲ್ಲ.”

“ನಿನ್ನೆ ಎರಡು ವರ್ಷ, ಇವತ್ತು ಹನ್ನೊಂದು ವಾರ,” ಅಂದಳು ಆ ಹೆಂಗಸು. “ನಾಳೆ ಎಷ್ಟು ಹೇಳ್ತೀರಿ?”

ಆ ಪ್ರಶ್ನೆಯನ್ನು ನಾನೇ ಎಷ್ಟೋ ಅಂಗಡಿಯವರಿಗೆ ಇದೇ ಧಾಟಿಯಲ್ಲಿ ಕೇಳಿದ್ದೇನೆ.

ಸೀಟು ಸಿಗಲಿಲ್ಲ. ಚೂಟಿ ಈಗ ವೇದಿಕೆಯವರು ಸೇರಿ ಆರಿಸಿದ ಇನ್ನಾವುದೋ ಕಾಲೇಜಿನಲ್ಲಿ ಇನ್ನಾವುದೋ ಓದುತ್ತಿದ್ದಾಳೆ. ಅಂಗಡಿಯ ಕಡೆ ಬರುವುದಿಲ್ಲ. ಮನೆಗೆ ಹೋದರೆ “ಬನ್ನಿ ಮಾವ” ಅನ್ನುತ್ತಾಳೆ, ನೀರು ಕೊಟ್ಟು ಕೋಣೆಗೆ ಹೋಗುತ್ತಾಳೆ. ತಂಗಿ ವೇದಿಕೆಯಲ್ಲಿ ‘ಪತ್ರಕ್ಕಾಗಿ ನೆಂಟರನ್ನು ನಂಬಬೇಡಿ’ ಎಂದು ಉದ್ದದ ಲೇಖನ ಬರೆದಿದ್ದಾಳೆ. ಒಂಬೈನೂರು ಜನ ಮೆಚ್ಚಿದ್ದಾರಂತೆ. ಅವಳು ಅಲ್ಲಿ ಬರೆದದ್ದರಲ್ಲಿ ನಿಜವಾದದ್ದು ಅದೊಂದೇ.

ಮೊನ್ನೆ ಆಸ್ಪತ್ರೆಯ ನರ್ಸು ವರ್ಷದ ತಪಾಸಣೆಗೆಂದು ಅದೇ ಮಕ್ಕಳ ತಕ್ಕಡಿ ತಂದಿದ್ದಳು. ಹುಡುಗಿ ಎಲ್ಲಿ ಎಂದು ಕೇಳಿದಳು, ಓದೋಕೆ ಹೋಗಿದ್ದಾಳೆ ಅಂದೆ. ಕೂರಲು ಹೋದವಳು ಕುರ್ಚಿಯ ಕೈಯಲ್ಲಿ ಕೆಂಪು ಚೀಟಿ ಕಂಡು ನಿಂತಳು.

“ಇದು ಮುರಿದಿದೆಯಾ?”

“ಕುರ್ಚಿ ಗಟ್ಟಿಯಾಗಿದೆ, ಕೂತ್ಕೊಳ್ಳಿ. ಅದು ದಿನಾ ಕೂರೋನಿಗೆ ಕಟ್ಟಿರೋದು.”

ತಮಾಷೆ ಎಂದುಕೊಂಡು ಅವಳು ನಕ್ಕಳು. ನಾನು ಒಂದು ಕಿಲೋ ಕಲ್ಲು ತೆಗೆದು ತಟ್ಟೆಯ ನಡುವೆ ಇಟ್ಟೆ, ಆಮೇಲೆ ಒಂದೊಂದೇ ಮೂಲೆಗೆ ಸರಿಸಿದೆ. ನಾಲ್ಕೂ ಕಡೆ ಒಂದೇ ತೂಕ ಬಂತು.